ಹೊಟ್ಟೆಯೊಳಗೆ ಯಾವಾಗ ಏನಾಗುತ್ತದೆ? ಎಂಟು ವಾರದ ಬಸುರಿಯೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನನಗೆ 27 ವರ್ಷ, ಹಾವೇರಿ ಕಡೆಯವಳು. ಇದು ಮೊದಲ ಬಸುರು. ಕೊನೆಯ ಮುಟ್ಟಿನಿಂದ ಲೆಕ್ಕ ಹಾಕಿದರೆ 8 ವಾರ 4 ದಿನ ಆಗಬೇಕು. ಸ್ಕ್ಯಾನ್ ಮಾಡಿದವರು 7 ವಾರ 3 ದಿನ ಎಂದು ಬರೆದಿದ್ದಾರೆ. ಮಗುವಿನ ಉದ್ದ 12 ಮಿಲಿಮೀಟರ್, ಎದೆಬಡಿತ ಇದೆ. ಮಗು ಸರಿಯಾಗಿ ಬೆಳೆಯುತ್ತಿಲ್ಲವೇ? ನನ್ನ ಮುಟ್ಟು ಮೊದಲಿನಿಂದಲೂ 35–36 ದಿನಕ್ಕೊಮ್ಮೆ. ಬಸುರಿ ಎಂದು ಗೊತ್ತಾಗುವ ಮುಂಚೆ ಜ್ವರ ಬಂದು ಎರಡು ದಿನ ಪ್ಯಾರಾಸಿಟಮಾಲ್ ನುಂಗಿದ್ದೆ. ಫೋಲಿಕ್ ಆಸಿಡ್ ಶುರು ಮಾಡಿದ್ದು ಹೋದ ವಾರ. ಗ್ರಹಣದ ದಿನ ಹೊರಗೆ ಬಂದರೆ ಮಗುವಿನ ತುಟಿ ಸೀಳುತ್ತದೆ, ಏಳು ತಿಂಗಳಿಗೆ ಹುಟ್ಟಿದ ಮಗು ಉಳಿಯುತ್ತದೆ, ಎಂಟಕ್ಕೆ ಹುಟ್ಟಿದ್ದು ಉಳಿಯುವುದಿಲ್ಲ ಎಂದೆಲ್ಲ ನಮ್ಮ ಅತ್ತೆಯವರು ಹೇಳುತ್ತಾರೆ. ಹೊಟ್ಟೆಯೊಳಗೆ ಯಾವಾಗ ಏನಾಗುತ್ತದೆ ಎಂದು ಸ್ವಲ್ಪ ಬಿಡಿಸಿ ಹೇಳಿ.

ಉತ್ತರ: ನಿಮ್ಮ ಮಗು ಬೆಳೆಯಬೇಕಾದಷ್ಟೇ ಬೆಳೆದಿದೆ. ಲೆಕ್ಕದಲ್ಲಿ ಎಂಟು ದಿನ ಹೆಚ್ಚು ಬಂದಿದೆ, ಅಷ್ಟೇ. ಅದರ ಕಾರಣವನ್ನು ನೀವೇ ಬರೆದಿದ್ದೀರಿ: ಮುಟ್ಟು 35–36 ದಿನಕ್ಕೊಮ್ಮೆ.

ವೈದ್ಯರ ವಾರದ ಲೆಕ್ಕ ಶುರುವಾಗುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ಆ ದಿನ ಹೊಟ್ಟೆಯಲ್ಲಿ ಮಗು ಇರುವುದಿರಲಿ, ಅಂಡಾಣು ಕೂಡ ಬಿಡುಗಡೆಯಾಗಿರುವುದಿಲ್ಲ. ಮುಟ್ಟಾದ ದಿನ ನೆನಪಿರುತ್ತದೆ, ಅಂಡಾಣು ಬಿಡುಗಡೆಯಾದ ದಿನ ಹೆಚ್ಚಿನವರಿಗೆ ಗೊತ್ತಾಗುವುದೇ ಇಲ್ಲ. ಅದಕ್ಕೇ ಈ ಪದ್ಧತಿ. ಹೀಗೆ ಎಣಿಸಿದರೆ ಒಟ್ಟು 280 ದಿನ, ಅಂದರೆ 40 ವಾರ. ಅದರಲ್ಲಿ ಮೊದಲ ಎರಡು ವಾರ ಬರೀ ಕಾಗದದ ಮೇಲಿನ ಬಸುರು.

28 ದಿನಕ್ಕೊಮ್ಮೆ ಮುಟ್ಟಾಗುವವರಲ್ಲಿ ಅಂಡಾಣು ಹೊರಬರುವುದು ಸುಮಾರು 14ನೇ ದಿನ. ಮುಟ್ಟಿನ ಚಕ್ರ ಉದ್ದವಾದಾಗ ಹಿಗ್ಗುವುದು ಈ ಮೊದಲ ಭಾಗ. ಅಂಡಾಣು ಬಿಡುಗಡೆಯಾದಲ್ಲಿಂದ ಮುಂದಿನ ಮುಟ್ಟಿನವರೆಗಿನ ಅವಧಿ ಎಲ್ಲರಲ್ಲೂ ಹೆಚ್ಚುಕಡಿಮೆ 14 ದಿನವೇ. ಹಾಗಾಗಿ 36 ದಿನದ ಚಕ್ರದವರಿಗೆ ಅದು 22ನೇ ದಿನದ ಆಸುಪಾಸು. 22ರಲ್ಲಿ 14 ಕಳೆದರೆ ಎಂಟು. ನಿಮ್ಮ ಲೆಕ್ಕಕ್ಕೂ ಸ್ಕ್ಯಾನಿಗೂ ಇರುವ ಅಂತರವೂ ಎಂಟೇ ದಿನ. ಒಂಬತ್ತು ವಾರದೊಳಗಿನ ಸ್ಕ್ಯಾನಿನಲ್ಲಿ ಐದು ದಿನಕ್ಕಿಂತ ಹೆಚ್ಚು ಅಂತರ ಕಂಡರೆ ಸ್ಕ್ಯಾನಿನ ದಿನಾಂಕವನ್ನೇ ಹಿಡಿಯುತ್ತೇವೆ. ತಾಯಿ ಕಾರ್ಡಿನಲ್ಲಿ ಹೆರಿಗೆಯ ದಿನಾಂಕವನ್ನು ಈಗಲೇ ತಿದ್ದಿಸಿಕೊಳ್ಳಿ. ಇಲ್ಲದಿದ್ದರೆ ಒಂಬತ್ತು ತಿಂಗಳು ತುಂಬಿದ ಮೇಲೆ "ದಿನ ದಾಟಿತು" ಎಂದು ಎಂಟು ದಿನ ಮುಂಚೆಯೇ ಗಡಿಬಿಡಿ ಶುರುವಾಗುತ್ತದೆ, ಬೇಕಿಲ್ಲದ ನೋವಿನ ಡ್ರಿಪ್ ಹಾಕುವವರೆಗೂ ಹೋಗಬಹುದು. ಅಂದಹಾಗೆ, ಬರೆದುಕೊಟ್ಟ ದಿನದಂದೇ ಹೆರಿಗೆಯಾಗುವುದು ನೂರರಲ್ಲಿ ನಾಲ್ಕೈದು ಜನರಿಗೆ ಮಾತ್ರ.

ಮನೆಯ ಹಿರಿಯರ ತಿಂಗಳ ಲೆಕ್ಕವೇ ಬೇರೆ. ಒಬ್ಬರು "ಐದರಲ್ಲಿ ಬಿತ್ತು" ಎನ್ನುವಾಗ ಇನ್ನೊಬ್ಬರು "ನಾಲ್ಕು ತುಂಬಿತು" ಎನ್ನುತ್ತಾರೆ, ಎರಡೂ ಒಂದೇ. ತಿಂಗಳಿನ ಮಾತು ಸೀಮಂತಕ್ಕೆ ಸಾಕು. ಔಷಧಿ, ಸ್ಕ್ಯಾನ್, ಅಪಾಯ ಇವುಗಳ ವಿಷಯಕ್ಕೆ ಬಂದಾಗ ವಾರದಲ್ಲೇ ಮಾತಾಡಬೇಕು. ಯಾಕೆಂದರೆ ಮಗುವಿನ ಒಂದೊಂದು ಅಂಗಕ್ಕೂ ರೂಪುಗೊಳ್ಳಲು ಒಂದೊಂದು ಕಾಲವಿದೆ, ಕೆಲವಕ್ಕೆ ಬರೀ ಐದಾರು ದಿನ. ಆ ಕಾಲ ಕಳೆದ ಮೇಲೆ ಆ ಅಂಗ ಹೊಸದಾಗಿ ಕೆಡುವುದೂ ಇಲ್ಲ, ಹೊಸದಾಗಿ ಸರಿಯಾಗುವುದೂ ಇಲ್ಲ. ನಿಮ್ಮ ಅರ್ಧಕ್ಕರ್ಧ ಪ್ರಶ್ನೆಗಳಿಗೆ ಉತ್ತರ ಈ ಒಂದು ಮಾತಿನಲ್ಲೇ ಇದೆ. ಇನ್ನು ಮುಂದೆ ನಾನು ಹೇಳುವ ವಾರಗಳೆಲ್ಲ 28 ದಿನದ ಚಕ್ರದ ಮುಟ್ಟಿನ ಲೆಕ್ಕದವು. ನಿಮಗಾದರೆ ಸ್ಕ್ಯಾನಿನ ವಾರ ಹಿಡಿದು ಓದಿಕೊಳ್ಳಿ.

ಅಂಡಾಣು ಮತ್ತು ವೀರ್ಯಾಣು ಕೂಡುವುದು ಗರ್ಭಕೋಶದಲ್ಲಲ್ಲ, ಪಕ್ಕದ ಅಂಡನಾಳದಲ್ಲಿ. ಅಲ್ಲಿಂದ ಅದು ಎರಡಾಗಿ, ನಾಲ್ಕಾಗಿ, ಎಂಟಾಗಿ ಒಡೆಯುತ್ತಲೇ ಮೆಲ್ಲಗೆ ಗರ್ಭಕೋಶದ ಕಡೆ ಸಾಗುತ್ತದೆ. ಐದನೇ ದಿನದ ಹೊತ್ತಿಗೆ ನೀರು ತುಂಬಿದ ಪುಟ್ಟ ಚೆಂಡಾಗಿರುತ್ತದೆ. ಆಮೇಲಿನ ಒಂದೆರಡು ದಿನದಲ್ಲಿ ಗರ್ಭಕೋಶದ ಒಳಪದರಕ್ಕೆ ಅಂಟಿ ಬೇರು ಬಿಡಲು ತೊಡಗುತ್ತದೆ. ಮನೆಯಲ್ಲಿ ಮೂತ್ರ ಪರೀಕ್ಷೆ ಮಾಡಿದಾಗ ಎರಡು ಗೆರೆ ಮೂಡಿಸುವ ಎಚ್‌ಸಿಜಿ ಹಾರ್ಮೋನು ತಾಯಿಯ ರಕ್ತಕ್ಕೆ ಸೇರುವುದು ಅಂಟಿದ ಮೇಲೆಯೇ. ಅಂಡಾಣು ವೀರ್ಯಾಣು ಕೂಡಿದ ಮೇಲಿನ ಈ ಮೊದಲ ಎರಡು ವಾರಗಳಲ್ಲಿ ದೊಡ್ಡ ಪೆಟ್ಟು ಬಿದ್ದರೆ ಗರ್ಭ ನಿಲ್ಲುವುದೇ ಇಲ್ಲ. ನಿಂತರೆ ಸಾಮಾನ್ಯವಾಗಿ ಊನವಿಲ್ಲದೆ ಬೆಳೆಯುತ್ತದೆ.

ಐದನೇ ವಾರದಲ್ಲಿ ಅದು ಮೂರು ಪದರದ ಒಂದು ಚಿಕ್ಕ ತಟ್ಟೆ. ಮೇಲಿನ ಪದರದಿಂದ ಚರ್ಮ ಮತ್ತು ಮೆದುಳು, ನಡುವಿನದರಿಂದ ಹೃದಯ, ಮೂಳೆ, ಸ್ನಾಯು, ಕಿಡ್ನಿ, ಒಳಗಿನದರಿಂದ ಕರುಳು ಮತ್ತು ಶ್ವಾಸಕೋಶದ ಒಳಹಾಸು. ಚರ್ಮವೂ ಮೆದುಳೂ ಒಂದೇ ಪದರದ ಮಕ್ಕಳು ಎಂದು ಓದಿದಾಗ ವೈದ್ಯ ವಿದ್ಯಾರ್ಥಿಗಳೂ ಒಮ್ಮೆ ಅಚ್ಚರಿಪಡುತ್ತಾರೆ. ಮೇಲಿನ ಪದರದ ನಡುಭಾಗ ಉದ್ದಕ್ಕೆ ತಗ್ಗಾಗುತ್ತದೆ, ಎರಡೂ ಅಂಚು ಮೇಲೆದ್ದು ಒಂದಕ್ಕೊಂದು ಕೂಡುತ್ತವೆ, ಕೊಳವೆಯಾಗುತ್ತದೆ. ಮುಂದೆ ಮೆದುಳು ಮತ್ತು ಬೆನ್ನುಹುರಿ ಆಗುವುದು ಇದೇ ಕೊಳವೆ. ಕೂಡಿಕೊಳ್ಳುವುದು ಕುತ್ತಿಗೆಯ ಹತ್ತಿರ ಶುರುವಾಗಿ, ಎರಡು ಕೊಂಡಿಯ ಜಿಪ್ ಎಳೆದ ಹಾಗೆ ಮೇಲಕ್ಕೂ ಕೆಳಕ್ಕೂ ಸಾಗುತ್ತದೆ. ಗರ್ಭ ಕಟ್ಟಿದ ಸುಮಾರು 25ನೇ ದಿನ ತಲೆಯ ಕಡೆಯ ತುದಿ ಮುಚ್ಚುತ್ತದೆ, 27–28ನೇ ದಿನ ಸೊಂಟದ ಕಡೆಯದು. ಮೇಲಿನದು ಮುಚ್ಚದಿದ್ದರೆ ತಲೆಬುರುಡೆ ಮತ್ತು ಮೆದುಳು ಪೂರ್ತಿ ಆಗುವುದಿಲ್ಲ, ಅಂಥ ಮಗು ಬದುಕುವುದಿಲ್ಲ. ಕೆಳಗಿನದು ಮುಚ್ಚದಿದ್ದರೆ ಸ್ಪೈನಾ ಬೈಫಿಡಾ: ಬೆನ್ನಿನಲ್ಲಿ ಗಂಟು, ಕಾಲಿಗೆ ಬಲವಿಲ್ಲ, ಮೂತ್ರದ ಮೇಲೆ ಹಿಡಿತವಿಲ್ಲ.

28ನೇ ದಿನ ಅಂದರೆ ಮುಟ್ಟಿನ ಲೆಕ್ಕದಲ್ಲಿ ಆರು ವಾರ. ಮುಟ್ಟು ತಪ್ಪಿ ಎರಡೇ ವಾರ. ನಮ್ಮಲ್ಲಿ ಬಹಳ ಜನ ಆಸ್ಪತ್ರೆಗೆ ಬಂದು ಫೋಲಿಕ್ ಆಸಿಡ್ ಚೀಟಿ ಬರೆಸಿಕೊಳ್ಳುವುದು ಇದು ಮುಗಿದ ಮೇಲೆ. 1991ರಲ್ಲಿ ಪ್ರಕಟವಾದ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನದಲ್ಲಿ, ಹಿಂದೆ ಇಂಥ ಮಗುವನ್ನು ಹೆತ್ತಿದ್ದ ತಾಯಂದಿರಿಗೆ ಗರ್ಭ ಕಟ್ಟುವ ಮುಂಚಿನಿಂದಲೇ ದಿನಕ್ಕೆ 4 ಮಿಲಿಗ್ರಾಂ ಫೋಲಿಕ್ ಆಸಿಡ್ ಕೊಟ್ಟಾಗ ಅದು ಮರುಕಳಿಸುವುದು ಶೇ. 72ರಷ್ಟು ಕಡಿಮೆಯಾಯಿತು. ಇಷ್ಟು ಅಗ್ಗದ ಮಾತ್ರೆ ಇಷ್ಟು ದೊಡ್ಡ ಕೆಲಸ ಮಾಡಿದ ಉದಾಹರಣೆ ನಮ್ಮ ಶಾಸ್ತ್ರದಲ್ಲಿ ಹೆಚ್ಚಿಲ್ಲ. ನನ್ನನ್ನು ಕೇಳಿದರೆ, ಮಗು ಬೇಕೆಂದು ಗಂಡ ಹೆಂಡತಿ ಮಾತಾಡಿಕೊಂಡ ದಿನವೇ 400 ಮೈಕ್ರೋಗ್ರಾಂ ಮಾತ್ರೆ ಶುರುವಾಗಬೇಕು. ಹಿಂದೆ ತೊಂದರೆಯಾದವರು, ಸಕ್ಕರೆ ಕಾಯಿಲೆಯವರು, ಮೂರ್ಛೆರೋಗದ ಮಾತ್ರೆ ನುಂಗುವವರು ಇದಕ್ಕಿಂತ ಹೆಚ್ಚಿನ ಪ್ರಮಾಣ ಎಷ್ಟು ಎಂದು ವೈದ್ಯರನ್ನು ಕೇಳಿ ತಿಳಿಯಬೇಕು.

ನೀವು ಶುರು ಮಾಡಿದ್ದು ಹೋದ ವಾರ, ಅಷ್ಟರಲ್ಲಿ ನಿಮ್ಮ ಮಗುವಿನ ಆ ಕೊಳವೆ ಮುಚ್ಚಿಯಾಗಿತ್ತು. ಹಾಗೆಂದು ಕೊರಗಬೇಡಿ. ಮಾತ್ರೆ ನುಂಗದ ಬಹುಪಾಲು ತಾಯಂದಿರ ಮಕ್ಕಳಿಗೂ ಈ ತೊಂದರೆ ಬರುವುದಿಲ್ಲ, ಬಂದಿದ್ದರೂ ಮುಂದಿನ ಸ್ಕ್ಯಾನುಗಳಲ್ಲಿ ಹೆಚ್ಚಾಗಿ ಕಾಣುತ್ತದೆ. 12 ವಾರದವರೆಗೆ ಬಿಡದೆ ನುಂಗಿ, ಆಮೇಲೆ ಕಬ್ಬಿಣದ ಮಾತ್ರೆಯಲ್ಲೇ ಅದೂ ಸೇರಿರುತ್ತದೆ. ಪ್ಯಾರಾಸಿಟಮಾಲ್ ವಿಷಯದಲ್ಲಂತೂ ನೀವು ಮಾಡಿದ್ದು ಸರಿ. ಈ ಹೊತ್ತಿನಲ್ಲಿ ಮೈ ಕಾದು ಸುಡುವ ಜ್ವರವನ್ನು ಹಾಗೇ ಬಿಡುವುದೇ ಮಗುವಿಗೆ ಹೆಚ್ಚು ತೊಂದರೆ.

ಹಾಗಾದರೆ ಯಾವ ಮಾತ್ರೆಗೂ ಹೆದರಬೇಡವೇ? ಹೆದರಲೇಬೇಕಾದ ಒಂದು ಕಥೆ ಇದೆ. 1950ರ ದಶಕದ ಕೊನೆಯಲ್ಲಿ ಪಶ್ಚಿಮ ಜರ್ಮನಿಯಲ್ಲಿ ಥಾಲಿಡೋಮೈಡ್ ಎಂಬ ನಿದ್ದೆಯ ಮಾತ್ರೆ ಬಂತು, ಬಸುರಿಯರ ವಾಂತಿಗೂ ಒಳ್ಳೆಯದು ಎಂದು ಹಲವು ದೇಶಗಳಲ್ಲಿ ಕೊಟ್ಟರು. ಸಾವಿರಾರು ಮಕ್ಕಳು ತೋಳು, ಕಾಲು ಗಿಡ್ಡವಾಗಿ, ಇಲ್ಲವೇ ಅವು ಇಲ್ಲದೆಯೇ ಹುಟ್ಟಿದರು. ಜರ್ಮನಿಯ ವಿಡುಕಿಂಡ್ ಲೆಂಟ್ಸ್, ಆಸ್ಟ್ರೇಲಿಯಾದ ವಿಲಿಯಂ ಮೆಕ್‌ಬ್ರೈಡ್ ಬೇರೆಬೇರೆಯಾಗಿ ಇದನ್ನು ಗುರುತಿಸಿದ ಮೇಲೆ, 1961ರಲ್ಲಿ ಜರ್ಮನಿಯ ಮಾರುಕಟ್ಟೆಯಿಂದ ಅದನ್ನು ಹಿಂದಕ್ಕೆ ಪಡೆದರು. ಆಮೇಲೆ ತಾಯಂದಿರು ಮಾತ್ರೆ ನುಂಗಿದ ದಿನಗಳನ್ನು ಹುಡುಕಿ ತಾಳೆ ನೋಡಿದಾಗ ತಿಳಿದದ್ದು ಇದು: ಕೊನೆಯ ಮುಟ್ಟಿನಿಂದ ಸುಮಾರು 34ರಿಂದ 50ನೇ ದಿನದೊಳಗೆ ನುಂಗಿದವರ ಮಕ್ಕಳಿಗೆ ಊನ ಬಂದಿತ್ತು. ಆ ಎರಡು ವಾರದಲ್ಲೂ ಮೊದಲು ನುಂಗಿದರೆ ಕಿವಿಗೆ ಪೆಟ್ಟು, ಆಮೇಲೆ ತೋಳಿಗೆ, ಅದರ ನಂತರ ಕಾಲಿಗೆ. ಯಾವ ದಿನ ಯಾವ ಅಂಗ ಮೊಳೆಯುತ್ತಿತ್ತೋ ಅದೇ ಕೆಟ್ಟಿತ್ತು. ಮೆಡಿಕಲ್ ಶಾಪಿನಲ್ಲಿ ಕೇಳಿ ಮಾತ್ರೆ ತರಬೇಡಿ, ಊರಿನ ಬೇರು-ಭಸ್ಮವನ್ನೂ ತರಬೇಡಿ ಎಂದು ಮೊದಲ ಮೂರು ತಿಂಗಳು ನಾವು ಗದರುವುದು ಇದಕ್ಕೇ. ಥೈರಾಯ್ಡ್, ಮೂರ್ಛೆ, ಬಿಪಿ ಮಾತ್ರೆ ಮೊದಲಿನಿಂದ ನುಂಗುತ್ತಿರುವವರು ಹೆದರಿಕೊಂಡು ತಾವಾಗಿ ನಿಲ್ಲಿಸುವುದೂ ಅಷ್ಟೇ ಅಪಾಯ. ಕೆಲವನ್ನು ಬದಲಾಯಿಸಬೇಕಾಗುತ್ತದೆ, ಅದನ್ನು ವೈದ್ಯರೇ ಮಾಡಲಿ.

ಎದೆಬಡಿತ ಶುರುವಾಗುವುದು ಗರ್ಭ ಕಟ್ಟಿದ 22–23ನೇ ದಿನ. ಆಗ ಹೃದಯಕ್ಕೆ ನಾಲ್ಕು ಕೋಣೆ ಇಲ್ಲ, ಬರೀ ಒಂದು ಕೊಳವೆ. ಅದೇ ಮಡಚಿಕೊಂಡು, ನಡುವೆ ಗೋಡೆ ಎದ್ದು ಕೋಣೆಗಳಾಗಲು ಇನ್ನೂ ನಾಲ್ಕು ವಾರ ಬೇಕು. ಒಳಗಿನಿಂದ ಮಾಡುವ ಸ್ಕ್ಯಾನಿನಲ್ಲಿ ಬಡಿತ ಕಾಣುವುದು ಆರು ವಾರ ದಾಟಿದ ಮೇಲೆ. "ಸ್ಕ್ಯಾನಿನಲ್ಲಿ ಎದೆಬಡಿತ ಕಾಣಲಿಲ್ಲ, ತೆಗೆಸಿಬಿಡಿ ಅಂದರು" ಎಂದು ಅಳುತ್ತ ಬರುವವರಿಗಾಗಿ ಇಲ್ಲೇ ಒಂದು ಮಾತು: ಭ್ರೂಣದ ಉದ್ದ 7 ಮಿಲಿಮೀಟರ್ ಮುಟ್ಟುವವರೆಗೆ ಬಡಿತ ಕಾಣಲಿಲ್ಲವೆಂಬ ಒಂದೇ ಕಾರಣಕ್ಕೆ ಗರ್ಭ ಹೋಗಿದೆ ಎಂದು ಹೇಳುವಂತಿಲ್ಲ. ವಾರ, ಹತ್ತು ದಿನ ಬಿಟ್ಟು ಮತ್ತೆ ನೋಡಬೇಕು. ನಿಮ್ಮ ಹಾಗೆ ಚಕ್ರ ಉದ್ದವಿರುವವರೇ ಈ ಅವಸರಕ್ಕೆ ಹೆಚ್ಚು ಸಿಕ್ಕಿಬೀಳುವುದು.

ಈಗ ನಿಮ್ಮ ಮಗು ಹೇಗಿದೆ? ಮೊಬೈಲಿನ ಆ್ಯಪುಗಳು ಈ ವಾರ ಬ್ಲೂಬೆರಿ, ಮುಂದಿನ ವಾರ ರಾಸ್ಪ್‌ಬೆರಿ ಎಂದು ಹಣ್ಣಿನ ಪಟ್ಟಿ ಕೊಡುತ್ತವೆ. ಹಾವೇರಿಯಲ್ಲಿ ಆ ಹಣ್ಣು ನೋಡಿದವರಾದರೂ ಎಷ್ಟು ಜನ! ನಿಮ್ಮ ರಿಪೋರ್ಟಿನಲ್ಲಿರುವ 12 ಮಿಲಿಮೀಟರೇ ಸಾಕು. ಆ 12ರಲ್ಲಿ ಹೆಚ್ಚುಕಡಿಮೆ ಅರ್ಧ ತಲೆಯೇ, ಅದೂ ಎದೆಯ ಮೇಲೆ ಬಾಗಿಕೊಂಡಿದೆ. ಹಿಂದೆ ಇನ್ನೂ ಸಣ್ಣ ಬಾಲವಿದೆ, ಒಂದೆರಡು ವಾರದಲ್ಲಿ ಕರಗುತ್ತದೆ. ಕಣ್ಣಿಗೆ ಕಪ್ಪು ಬಣ್ಣ ಕೂಡುತ್ತಿದೆ. ಕೈಯ ಜಾಗದಲ್ಲಿ ಒಂದು ಚಪ್ಪಟೆ ಹಲಗೆ, ಅದರ ಮೇಲೆ ಐದು ಬೆರಳಿನ ಗೆರೆಗಳು ಮೂಡುತ್ತಿವೆ. ಬೆರಳು ಬಿಡಿಬಿಡಿಯಾಗುವುದು ಅವುಗಳ ನಡುವಿನ ಜೀವಕೋಶಗಳು ತಾವಾಗಿ ಸತ್ತು ಹೋಗುವುದರಿಂದ. ಎಲ್ಲೋ ಒಂದೆರಡು ಕಡೆ ಅವು ಸಾಯದೆ ಉಳಿದರೆ ಮಗು ಅಂಟಿದ ಬೆರಳಿನೊಡನೆ ಹುಟ್ಟುತ್ತದೆ. ಇನ್ನು ಕೆಲವೇ ದಿನಗಳಲ್ಲಿ ಹೊಟ್ಟೆಯೊಳಗೆ ಜಾಗ ಸಾಲದೆ ಕರುಳಿನ ಒಂದು ಭಾಗ ಹೊಕ್ಕುಳಬಳ್ಳಿಯೊಳಗೆ ಇಳಿದು ಅಲ್ಲೇ ಬೆಳೆದು, 12 ವಾರದ ಹೊತ್ತಿಗೆ ಸುತ್ತಿಕೊಂಡು ವಾಪಸು ಬರುತ್ತದೆ. ಹತ್ತು ವಾರ ಮುಗಿಯುವಷ್ಟರಲ್ಲಿ ಎಲ್ಲ ಮುಖ್ಯ ಅಂಗಗಳಿಗೂ ಅಡಿಪಾಯ ಬಿದ್ದಿರುತ್ತದೆ, ಮುಂದೆ ಮುಖ್ಯವಾಗಿ ಬೆಳವಣಿಗೆ ಮತ್ತು ಪಕ್ವವಾಗುವುದು. ಮೆದುಳು ಮಾತ್ರ ಇದಕ್ಕೆ ಹೊರತು, ಅದರ ಕಟ್ಟಡ ಹುಟ್ಟಿದ ಮೇಲೂ ನಡೆಯುತ್ತಿರುತ್ತದೆ. ಅದಕ್ಕೇ ಮದ್ಯಕ್ಕೆ ಬಸುರಿನ ಯಾವ ತಿಂಗಳಲ್ಲೂ ರಿಯಾಯಿತಿ ಇಲ್ಲ.

ಗ್ರಹಣದ ಮಾತಿಗೆ ಬರೋಣ. ಮೇಲ್ದುಟಿ ಆಗುವುದು ನಡುವಿನ ಒಂದು ತುಂಡು ಮತ್ತು ಅಕ್ಕಪಕ್ಕದ ಎರಡು ತುಂಡು ಕೂಡಿ. ಒಂಬತ್ತನೇ ವಾರದ ಹೊತ್ತಿಗೆ ಅದು ಕೂಡಿಯಾಗಿರುತ್ತದೆ. ಬಾಯೊಳಗಿನ ಅಂಗಳು ಕೂಡುವುದು 12 ವಾರದ ಆಸುಪಾಸು. ಒಮ್ಮೆ ಕೂಡಿದ ತುಟಿ ಆರನೇ ತಿಂಗಳಲ್ಲೋ ಎಂಟನೇ ತಿಂಗಳಲ್ಲೋ ಬರುವ ಗ್ರಹಣಕ್ಕೆ ಸೀಳುವುದು ಸಾಧ್ಯವೇ ಇಲ್ಲ, ಅದಕ್ಕೆ ಮುಂಚಿನ ಗ್ರಹಣದ ನೆರಳಿಗೂ ಅಂಥ ಶಕ್ತಿಯಿಲ್ಲ. ಸೀಳುತುಟಿಗೆ ಗೊತ್ತಿರುವ ಕಾರಣಗಳು ಬೇರೆ: ವಂಶವಾಹಿ, ತಂಬಾಕಿನ ಹೊಗೆ, ಮೂರ್ಛೆಯ ಕೆಲವು ಮಾತ್ರೆ, ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ. ಅತ್ತೆಯವರ ಜೊತೆ ಇದಕ್ಕಾಗಿ ಜಗಳ ಬೇಡ, ಒಂದು ದಿನ ಮನೆಯೊಳಗೆ ಕೂತರೆ ಗಂಟೇನೂ ಹೋಗುವುದಿಲ್ಲ. ಆದರೆ ಗ್ರಹಣ ಬಿಡುವವರೆಗೆ ಅನ್ನ ನೀರು ಮುಟ್ಟಬೇಡ, ಮಾತ್ರೆ ನುಂಗಬೇಡ ಎಂದರೆ ಒಪ್ಪಬೇಡಿ. ವಾಂತಿಯಿಂದ ಸುಸ್ತಾದ ಬಸುರಿ ಗಂಟೆಗಟ್ಟಲೆ ನೀರಿಲ್ಲದೆ ಇದ್ದರೆ ತಲೆಸುತ್ತು ಬಂದು ಬೀಳುತ್ತಾಳೆ.

ನಿಮ್ಮ ಮುಂದಿನ ಸ್ಕ್ಯಾನ್ 11 ವಾರದಿಂದ 13 ವಾರ 6 ದಿನದೊಳಗೆ. ಮಗುವಿನ ಕುತ್ತಿಗೆ ಹಿಂದಿನ ನೀರಿನ ಪದರದ ದಪ್ಪ ಅಳೆಯುತ್ತಾರೆ, ಅದರ ಜೊತೆ ರಕ್ತಪರೀಕ್ಷೆ ಮಾಡಿ ಡೌನ್ ಸಿಂಡ್ರೋಮ್ (ಬುದ್ಧಿ ಬೆಳವಣಿಗೆ ಕುಂಠಿತವಾಗುವ ಹುಟ್ಟು ತೊಂದರೆ) ಸಾಧ್ಯತೆ ಎಷ್ಟು ಎಂದು ಅಂದಾಜು ಹೇಳುತ್ತಾರೆ. ಈ ಪದರವನ್ನು ನಂಬಿ ಅಳೆಯಬಹುದಾದದ್ದು ಈ ಮೂರು ವಾರದಲ್ಲಿ ಮಾತ್ರ. ದಿನಾಂಕ ತಿದ್ದಿಸಿ ಎಂದದ್ದಕ್ಕೆ ಇದೂ ಒಂದು ಕಾರಣ. ಗಂಡೋ ಹೆಣ್ಣೋ ಎಂದು ಮಾತ್ರ ಯಾರನ್ನೂ ಕೇಳಬೇಡಿ. 1994ರ ಕಾಯ್ದೆಯ ಪ್ರಕಾರ ಹೇಳುವುದೂ ಅಪರಾಧ, ಹೇಳಿಸಿಕೊಳ್ಳಲು ಹೋಗುವುದೂ ಅಪರಾಧ.

ಎರಡನೆಯ ದೊಡ್ಡ ಸ್ಕ್ಯಾನ್ 18–20 ವಾರಕ್ಕೆ. ಜನ ಅನಾಮಲಿ ಸ್ಕ್ಯಾನ್ ಎನ್ನುವುದು ಇದನ್ನೇ. ಹೃದಯದ ನಾಲ್ಕು ಕೋಣೆ, ಬೆನ್ನುಮೂಳೆ, ಕಿಡ್ನಿ, ತುಟಿ ಎಲ್ಲ ಒಂದೊಂದಾಗಿ ನೋಡುತ್ತಾರೆ. ಇದನ್ನು ತಡಮಾಡಬಾರದು. ಗಂಭೀರ ತೊಂದರೆ ಕಂಡಾಗ ಗರ್ಭ ಮುಂದುವರಿಸುವುದೋ ಬೇಡವೋ ಎಂದು ಯೋಚಿಸಲು, ಇನ್ನೊಬ್ಬರ ಅಭಿಪ್ರಾಯ ಪಡೆಯಲು ಸಮಯ ಬೇಕು. ಗರ್ಭಪಾತದ ಕಾಯ್ದೆಗೆ 2021ರಲ್ಲಿ ಆದ ತಿದ್ದುಪಡಿಯ ಪ್ರಕಾರ 24 ವಾರ ದಾಟಿದರೆ ಅಂಥ ಪ್ರಕರಣಗಳು ವೈದ್ಯಕೀಯ ಮಂಡಳಿಯ ಮುಂದೆ ಹೋಗಬೇಕಾಗುತ್ತದೆ.

ಮಗು ಮಿಸುಕುವುದು ಎಂಟು–ಒಂಬತ್ತನೇ ವಾರಕ್ಕೇ ಶುರುವಾದರೂ ನಿಮ್ಮ ಅರಿವಿಗೆ ಬರುವುದು ತಡ. ಚೊಚ್ಚಲಿನವರಿಗೆ 18–20 ವಾರ, ಎರಡನೆಯ ಬಸುರಿನವರಿಗೆ ಅದಕ್ಕಿಂತ ಒಂದೆರಡು ವಾರ ಮುಂಚೆ. ಮಾಸು ಗರ್ಭಕೋಶದ ಮುಂಭಾಗಕ್ಕೆ ಅಂಟಿದ್ದರೆ ಇನ್ನೂ ಸ್ವಲ್ಪ ತಡವಾಗಬಹುದು. ಈ ಹೊತ್ತಿಗೆ ಮಗುವಿನ ಸುತ್ತ ಇರುವ ನೀರಿನಲ್ಲಿ ಹೆಚ್ಚಿನದು ಅದರದೇ ಮೂತ್ರ. ಅದನ್ನೇ ಕುಡಿಯುತ್ತದೆ, ಮತ್ತೆ ಹೊಯ್ಯುತ್ತದೆ. ಅಸಹ್ಯಪಡಬೇಡಿ. ಕೊಳೆಯನ್ನು ತೆಗೆಯುವ ಕೆಲಸ ಮಾಸಿನ ಮೂಲಕ ನಿಮ್ಮ ಕಿಡ್ನಿಯದು, ಹಾಗಾಗಿ ಆ ನೀರು ಶುದ್ಧವೇ. ನೀರು ಕಡಿಮೆಯಾಗಿದೆ ಎಂದು ಸ್ಕ್ಯಾನಿನವರು ಹೇಳಿದರೆ ವೈದ್ಯರು ಮಗುವಿನ ಕಿಡ್ನಿಯನ್ನೂ ಮಾಸಿನ ರಕ್ತಸಂಚಾರವನ್ನೂ ನೋಡುವುದು ಇದರಿಂದಲೇ.

ಅಭಿಮನ್ಯು ಸುಭದ್ರೆಯ ಹೊಟ್ಟೆಯಲ್ಲಿದ್ದಾಗ ಚಕ್ರವ್ಯೂಹದ ಕಥೆ ಕೇಳಿದ್ದು ಎಷ್ಟನೇ ತಿಂಗಳಲ್ಲಿ ಎಂದು ನನ್ನನ್ನು ಕೇಳಿದವರಿದ್ದಾರೆ. ಶಬ್ದಕ್ಕೆ ಮಗು ಬೆಚ್ಚುವುದು, ಮಿಸುಕುವುದು ಕಾಣುವುದು ಸುಮಾರು 25–27 ವಾರದಿಂದ. ಹುಟ್ಟಿದ ಒಂದೆರಡು ದಿನದಲ್ಲೇ ಮಗು ತಾಯಿಯ ದನಿಯನ್ನು ಬೇರೆ ಹೆಂಗಸರ ದನಿಯಿಂದ ಬೇರ್ಪಡಿಸುತ್ತದೆ ಎಂದು 1980ರಲ್ಲಿ ಡಿಕ್ಯಾಸ್ಪರ್ ಮತ್ತು ಫೈಫರ್ ಎಂಬ ಸಂಶೋಧಕರು ತೋರಿಸಿದರು. ಹೊಟ್ಟೆಗೆ ಇಯರ್‌ಫೋನ್ ಹಚ್ಚಿ ಸಂಸ್ಕೃತ ಶ್ಲೋಕ ಕೇಳಿಸುವ ದುಬಾರಿ ಕೋರ್ಸುಗಳ ಅಗತ್ಯವಿಲ್ಲ. ನೀವು ಮನೆಯಲ್ಲಿ ಆಡುವ ಮಾತೇ ಅದಕ್ಕೆ ದಿನವಿಡೀ ಕೇಳುತ್ತಿರುತ್ತದೆ.

ಇನ್ನು ಏಳು–ಎಂಟು ತಿಂಗಳ ಪ್ರಶ್ನೆ. ಈ ನಂಬಿಕೆ ನಿಮ್ಮ ಅತ್ತೆಯವರದೊಂದೇ ಅಲ್ಲ. ಎಂಟನೇ ತಿಂಗಳಲ್ಲಿ ಓಜಸ್ಸು (ಆಯುರ್ವೇದ ಹೇಳುವ ದೇಹದ ಸಾರಶಕ್ತಿ) ತಾಯಿ ಮಗುವಿನ ನಡುವೆ ಅಸ್ಥಿರವಾಗಿರುತ್ತದೆ, ಆಗ ಹುಟ್ಟಿದ್ದು ಉಳಿಯದು ಎಂದು ಸುಶ್ರುತ ಸಂಹಿತೆ ಹೇಳುತ್ತದೆ. ಪ್ರಾಚೀನ ಗ್ರೀಕರಲ್ಲೂ ಇದೇ ನಂಬಿಕೆಯಿತ್ತು. ಮದುವೆಯಾದ ಏಳೇ ತಿಂಗಳಿಗೆ ಮೂರು ಕಿಲೋ ತೂಗುತ್ತ ಹುಟ್ಟಿದ ಕೆಲವು "ಏಳು ತಿಂಗಳ" ಮಕ್ಕಳೂ ಈ ನಂಬಿಕೆಗೆ ತಮ್ಮ ಕಾಣಿಕೆ ಸಲ್ಲಿಸಿರಬಹುದು! ಲೆಕ್ಕ ನೇರವಾಗಿದೆ. 28 ವಾರದ ಮಗು ಸುಮಾರು ಒಂದು ಕಿಲೋ, 32ಕ್ಕೆ ಒಂದೂವರೆ ದಾಟಿರುತ್ತದೆ, 36ಕ್ಕೆ ಎರಡೂವರೆಯ ಹತ್ತಿರ. ತೂಕಕ್ಕಿಂತ ದೊಡ್ಡ ವಿಷಯ ಶ್ವಾಸಕೋಶ. ಅದರ ಗಾಳಿಚೀಲಗಳು ಉಸಿರು ಬಿಟ್ಟಾಗ ಒಳಗೊಳಗೇ ಅಂಟಿಕೊಳ್ಳದಂತೆ ಸರ್ಫ್ಯಾಕ್ಟಂಟ್ ಎಂಬ ಜಿಡ್ಡಿನ ಪದಾರ್ಥ ಬೇಕು. 24 ವಾರದ ಸುಮಾರಿಗೆ ತಯಾರಾಗತೊಡಗಿ, ಸಾಕಷ್ಟು ಆಗುವುದು 34–35 ವಾರಕ್ಕೆ. ಆದ್ದರಿಂದ ಒಳಗೆ ಒಂದೊಂದು ವಾರ ಹೆಚ್ಚು ಉಳಿದಷ್ಟೂ ಉಸಿರಾಟ ಸುಲಭ. ಎಂಟು ತಿಂಗಳಿನ ಮಗುವಿಗೆ ಏಳರದಕ್ಕಿಂತ ಉಳಿಯುವ ಅವಕಾಶ ಹೆಚ್ಚು, ಕಡಿಮೆಯಲ್ಲ.

34 ವಾರಕ್ಕೆ ಮುಂಚೆ ನೋವು ಶುರುವಾದರೆ ಅಥವಾ ನೀರು ಒಡೆದರೆ "ಇನ್ನೂ ದಿನ ಇದೆ, ಸುಳ್ಳು ನೋವಿರಬೇಕು" ಎಂದು ಮನೆಯಲ್ಲಿ ಕಾಯಬಾರದು. ತಾಯಿಗೆ ಕೊಡುವ ಸ್ಟಿರಾಯ್ಡ್ ಇಂಜೆಕ್ಷನ್ ಮಾಸನ್ನು ದಾಟಿ ಹೋಗಿ ಮಗುವಿನ ಶ್ವಾಸಕೋಶವನ್ನು ಬೇಗ ಪಕ್ವ ಮಾಡುತ್ತದೆ. ಇದನ್ನು ನ್ಯೂಜಿಲೆಂಡಿನ ಲಿಗ್ಗಿನ್ಸ್ ಮೊದಲು ಕುರಿಗಳಲ್ಲಿ ಗಮನಿಸಿದರು, ಆಮೇಲೆ ಹೋವಿ ಅವರ ಜೊತೆ ತಾಯಂದಿರಲ್ಲಿ ಪರೀಕ್ಷಿಸಿ 1972ರಲ್ಲಿ ಪ್ರಕಟಿಸಿದರು. ಅದು ಪೂರ್ತಿ ಕೆಲಸ ಮಾಡಲು ಒಂದು ದಿನವಾದರೂ ಬೇಕು, ಆ ಒಂದು ದಿನ ಸಿಗುವುದು ಬೇಗ ಬಂದವರಿಗೆ ಮಾತ್ರ. ಹೆರಿಗೆಯೂ ನವಜಾತ ಶಿಶುಗಳ ಘಟಕ ಇರುವ ಆಸ್ಪತ್ರೆಯಲ್ಲೇ ಆಗಲಿ, ಜಿಲ್ಲಾ ಆಸ್ಪತ್ರೆಗಳಲ್ಲಿ ಅದು ಇರುತ್ತದೆ. ಹುಟ್ಟಿದ ಮೇಲೆ ಒಂದೂವರೆ ಕಿಲೋ ಮಗುವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಆಂಬುಲೆನ್ಸಿನಲ್ಲಿ ಓಡುವುದಕ್ಕಿಂತ ಹೊಟ್ಟೆಯಲ್ಲಿಟ್ಟುಕೊಂಡೇ ಹೋಗುವುದು ಎಷ್ಟೋ ಮೇಲು.

ಕೊನೆಯ ತಿಂಗಳಿಗೆ ಒಂದೇ ಎಚ್ಚರಿಕೆ. "ಜಾಗ ಇಲ್ಲವಲ್ಲ, ಅದಕ್ಕೇ ಮಗು ಆಡುವುದು ಕಡಿಮೆಯಾಗಿದೆ" ಎಂದು ಹೇಳುವವರು ಬಹಳ. ಜೋರಾಗಿ ಒದೆಯುವುದು ಹೋಗಿ ಹೊರಳಾಡಿದಂತೆ ಅನಿಸಬಹುದು, ಆದರೆ ಎಷ್ಟು ಸಲ ಆಡುತ್ತದೆ ಎಂಬುದು ಕಡಿಮೆಯಾಗಬಾರದು. ಕಡಿಮೆ ಅನಿಸಿದರೆ ಊಟ ಮಾಡಿ ಎಡಮಗ್ಗುಲಿಗೆ ಮಲಗಿ ಎರಡು ಗಂಟೆ ಗಮನಿಸಿ. ಹತ್ತು ಸಲವೂ ಆಡದಿದ್ದರೆ ಬೆಳಗಾಗಲಿ ಎಂದು ಕಾಯದೆ, ಎಷ್ಟೇ ಹೊತ್ತಾಗಿದ್ದರೂ ಆಗಲೇ ಆಸ್ಪತ್ರೆಗೆ ಹೋಗಿ ಎದೆಬಡಿತ ನೋಡಿಸಿ.